ಸೋಲುತ್ತಿರುವ ಆಫೆನ್ಸ್‌ಗೆ ಯಾವ ಸಾಮಾನು ಬೇಕು, ಯಾವುದು ಬೇಡ: ಕಾಲೇಜ್ ಫುಟ್‌ಬಾಲ್ ಕೋಚ್‌ಗಳ ಖರೀದಿ ಪಟ್ಟಿಯ ವಿಮರ್ಶೆ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ತಂಡವೊಂದು ನಾಲ್ಕು ವಾರ ಅಂಕ ಗಳಿಸಲು ಒದ್ದಾಡಿತೆಂದರೆ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಹಳೆ ವಿದ್ಯಾರ್ಥಿಗಳು ಆಫೆನ್ಸಿವ್ ಕೋಆರ್ಡಿನೇಟರ್‌ನ, ಅಂದರೆ ಆಫೆನ್ಸ್‌ನ ಯೋಜನೆ ಮಾಡಿ ಪ್ಲೇ ಕರೆಯುವ ಕೋಚ್‌ನ, ತಲೆದಂಡ ಕೇಳುತ್ತಾರೆ. ಕೋಚ್ ಸಾಮಾನು ಕೊಳ್ಳಲು ಹೊರಡುತ್ತಾರೆ. ವಿಡಿಯೊ ಸೇವೆ, ಮಣಿಕಟ್ಟಿನ ಪಟ್ಟಿ, ಬ್ಲಾಕಿಂಗ್ ಸ್ಲೆಡ್ (ಎದುರಾಳಿಯನ್ನು ತಳ್ಳುವ ಅಭ್ಯಾಸಕ್ಕೆ ಬಳಸುವ, ಪ್ಯಾಡ್ ಇರುವ ಭಾರದ ಚೌಕಟ್ಟು), ಚೆಂಡು ಎಸೆಯುವ ಯಂತ್ರ, ವಿಆರ್ ಕನ್ನಡಕ, ಪೆಟ್ಟಿಗೆಯಲ್ಲಿ ತುಂಬಿ ಕೊಡುವ ಸಿದ್ಧ 'ಸಿಸ್ಟಮ್' ಎಲ್ಲವೂ ಮಾರಾಟಕ್ಕಿವೆ, ಎಲ್ಲವೂ ಆಫೆನ್ಸ್ ಸರಿಮಾಡುತ್ತೇವೆ ಎನ್ನುತ್ತವೆ. ಈ ವಿಮರ್ಶೆ ಅವುಗಳ ಬಗ್ಗೆ. ಸಾಕರ್ ನೋಡುವವರಿಗೆ ಒಂದು ಮಾತು: ಇಲ್ಲಿನ ಆಟ ಹನ್ನೊಂದು ಜನ ನಾಲ್ಕು ಡೌನ್‌ಗಳಲ್ಲಿ, ಅಂದರೆ ನಾಲ್ಕು ಯತ್ನಗಳಲ್ಲಿ, ಹತ್ತು ಯಾರ್ಡ್ ಮುಂದೆ ಸಾಗಬೇಕಾದ ಆಟ. ಚೆಂಡು ಹಿಡಿದು ಸಾಗುವ ಕಡೆ ಆಫೆನ್ಸ್, ತಡೆಯುವ ಕಡೆ ಡಿಫೆನ್ಸ್. ಒಂದೊಂದು ಯತ್ನಕ್ಕೂ ಮೊದಲೇ ಯೋಜಿಸಿದ ನಡೆಯೇ ಪ್ಲೇ, ಚೆಂಡು ಹಿಂದಕ್ಕೆ ಕೊಟ್ಟು ಅದನ್ನು ಶುರುಮಾಡುವುದು ಸ್ನ್ಯಾಪ್.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಹಣ ವಿಡಿಯೊಗೆ, ಅದರಲ್ಲೂ ಎಂಡ್‌ಜೋನ್ (ಮೈದಾನದ ತುದಿಯ ಅಂಕ ಗಳಿಸುವ ವಲಯ) ಕ್ಯಾಮೆರಾಕ್ಕೆ. ಎರಡನೆಯದು ಮಣಿಕಟ್ಟಿನ ಪಟ್ಟಿಗೆ. ಇದು ಖರೀದಿ ಸಾಮಾನುಗಳಲ್ಲೇ ಅತಿ ಅಗ್ಗದ್ದು. ಮೂರನೆಯದು ಇಬ್ಬರು ತಳ್ಳುವ ಸ್ಲೆಡ್‌ಗೆ. ಉಳಿದದ್ದಕ್ಕೆ ಸೀಸನ್ ಮುಗಿಯುವವರೆಗೆ ಕಾಯಬಹುದು. ಬಹುಪಾಲು ಸೋಲುವ ಆಫೆನ್ಸ್‌ಗಳ ರೋಗ ಒಂದೇ: ಅಭ್ಯಾಸಕ್ಕೆ ಸಿಗುವ ಸಮಯ ಸಾಲದಷ್ಟು ಪ್ಲೇಗಳು, ಮತ್ತು ಯಾವ ಪ್ಲೇ ಯಾಕೆ ಕೆಟ್ಟಿತು ಎಂಬುದರ ಲೆಕ್ಕ ಇಲ್ಲದಿರುವುದು. ಈ ಎರಡರಲ್ಲಿ ಒಂದನ್ನೂ ಮುಟ್ಟದ ಸಾಮಾನು ಎಷ್ಟೇ ಹೊಳೆದರೂ ಈ ಸೀಸನ್‌ಗೆ ವ್ಯರ್ಥ.

ವಿಡಿಯೊ: ಹಡ್ಲ್

2006ರಲ್ಲಿ ನೆಬ್ರಾಸ್ಕದ ಲಿಂಕನ್‌ನಲ್ಲಿ ಶುರುವಾದ ಹಡ್ಲ್ ಇಂದು ಹೈಸ್ಕೂಲಿನಿಂದ ಕಾಲೇಜಿನವರೆಗೆ ಬಹುತೇಕ ಎಲ್ಲರಿಗೂ ಪರಿಚಿತ. ಪಂದ್ಯದ ವಿಡಿಯೊ ಹಾಕಿದರೆ ಪ್ಲೇಗೊಂದು ಕ್ಲಿಪ್ ಆಗುತ್ತದೆ, ಪ್ರತಿ ಕ್ಲಿಪ್‌ಗೆ ಒಂದು ಸಾಲು ದತ್ತಾಂಶ. ಡೌನ್, ದೂರ, ಹ್ಯಾಶ್ (ಮೈದಾನದ ಅಗಲದಲ್ಲಿ ಚೆಂಡು ಇಡುವ ಗೆರೆ), ಯಾರ್ಡ್‌ಲೈನ್, ಫಾರ್ಮೇಶನ್ (ಆಟಗಾರರು ನಿಲ್ಲುವ ಜೋಡಣೆ), ಪ್ಲೇ, ಫಲಿತಾಂಶ, ಗಳಿಕೆ ಎಂಬ ಕಾಲಂಗಳು ಮೊದಲೇ ಇರುತ್ತವೆ. ನಮಗೆ ಬೇಕಾದ ಕಾಲಂ ಸೇರಿಸಲೂಬಹುದು. ಈ ಕೊನೆಯ ಸೌಲಭ್ಯವೇ ಅದರ ನಿಜವಾದ ಬೆಲೆ, ಹೆಚ್ಚಿನ ಕೋಚ್‌ಗಳು ಬಳಸದೆ ಬಿಡುವುದೂ ಅದನ್ನೇ.

ಸೇರಿಸಬೇಕಾದ ಕಾಲಂಗಳು ಎರಡು. ಮೊದಲನೆಯದು 'ಯಾರು': ಪ್ಲೇ ಕೆಟ್ಟಿದ್ದು ಯಾವ ಸ್ಥಾನದಲ್ಲಿ, ಎಡ ಗಾರ್ಡ್, ಸೆಂಟರ್ (ಇಬ್ಬರೂ ಮುಂಚೂಣಿಯ ಲೈನ್‌ಮನ್‌ಗಳು), ಕ್ವಾರ್ಟರ್‌ಬ್ಯಾಕ್ (ಚೆಂಡು ಪಡೆದು ಪಾಸ್ ಎಸೆಯುವವನು), ಹೀಗೆ. ಎರಡನೆಯದು 'ಹೇಗೆ', ಇದಕ್ಕೆ ನಾಲ್ಕೇ ಅಕ್ಷರ ಸಾಕು. ತನ್ನ ಕೆಲಸ ಏನೆಂದು ತಿಳಿಯದೆ ತಪ್ಪು ಮನುಷ್ಯನನ್ನು ಬ್ಲಾಕ್ ಮಾಡಿದರೆ 'ಮ'. ಕೆಲಸ ಗೊತ್ತಿತ್ತು, ಎದುರಾಳಿ ಬಲದಿಂದ ಗೆದ್ದ ಎಂದಾದರೆ 'ಬ'. ಪೆನಾಲ್ಟಿಗೆ 'ಪ'. ಎಲ್ಲರೂ ಸರಿ ಮಾಡಿದ್ದರು, ಕಾಲ್ ಮಾಡಿದ ಪ್ಲೇಯೇ ಆ ಡಿಫೆನ್ಸ್‌ಗೆ ಒಗ್ಗದ್ದು ಎಂದಾದರೆ 'ಕ'. ಪಂದ್ಯಕ್ಕೆ ಸುಮಾರು 66 ಪ್ಲೇ ಎಂದಿಟ್ಟುಕೊಂಡರೆ ನಾಲ್ಕು ಪಂದ್ಯಕ್ಕೆ 264 ಸಾಲು. ಹಿಂದೆ ಮುಂದೆ ಓಡಿಸಿ ನೋಡುತ್ತ ತುಂಬಲು ಪಂದ್ಯಕ್ಕೊಂದು ಸಂಜೆ ಹೋಗುತ್ತದೆ. ಈ ಕೆಲಸ ಲೈನ್ ಕೋಚ್ ಮತ್ತು ಕೋಆರ್ಡಿನೇಟರ್ ಒಟ್ಟಿಗೆ ಕೂತು ಮಾಡಬೇಕು. ಒಬ್ಬರೇ ಮಾಡಿದರೆ ಕ್ವಾರ್ಟರ್‌ಬ್ಯಾಕ್ ಕೋಚ್ ಲೈನನ್ನು ದೂರುತ್ತಾರೆ, ಲೈನ್ ಕೋಚ್ ಕ್ವಾರ್ಟರ್‌ಬ್ಯಾಕ್‌ನನ್ನು ದೂರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಗೆ ಈ ಕೋಣೆಯಷ್ಟು ಒಳ್ಳೆಯ ಉದಾಹರಣೆ ಸಿಗದು.

ನಂತರ ತೆಗೆಯಬೇಕಾದ ಲೆಕ್ಕ ಸಕ್ಸೆಸ್ ರೇಟ್. ಫಸ್ಟ್ ಡೌನ್‌ನಲ್ಲಿ ಬೇಕಾದ ಯಾರ್ಡ್‌ಗಳ ಅರ್ಧ, ಸೆಕೆಂಡ್ ಡೌನ್‌ನಲ್ಲಿ ಶೇ 70, ಥರ್ಡ್ ಮತ್ತು ಫೋರ್ತ್ ಡೌನ್‌ನಲ್ಲಿ ಪೂರ್ತಿ ಸಿಕ್ಕರೆ ಆ ಪ್ಲೇ ಯಶಸ್ವಿ, ಇಲ್ಲವಾದರೆ ವಿಫಲ. ಸರಾಸರಿ ಗಳಿಕೆಗಿಂತ ಇದು ಪ್ರಾಮಾಣಿಕ. ಏಕೆಂದರೆ ಒಂದು 60 ಯಾರ್ಡ್ ಓಟ ಹತ್ತು ಸೊನ್ನೆಗಳನ್ನು ಮುಚ್ಚಿಹಾಕುತ್ತದೆ. ಸಾಧಾರಣ ತಂಡ ಶೇ 40ರಿಂದ 45ರ ಆಸುಪಾಸಿನಲ್ಲಿರುತ್ತದೆ, 50ರ ಹತ್ತಿರ ಹೋದರೆ ಬಹಳ ಒಳ್ಳೆಯದು. 35ಕ್ಕಿಂತ ಕೆಳಗಿದ್ದರೆ ಥರ್ಡ್ ಡೌನ್ ಪ್ಲೇಗಳನ್ನು ಎಷ್ಟು ಚಂದ ಬರೆದರೂ ಪ್ರಯೋಜನವಿಲ್ಲ. ಥರ್ಡ್ ಡೌನ್‌ನಲ್ಲಿ ಬದುಕುತ್ತಿಲ್ಲ ಎಂದು ಗೋಳಾಡುವ ತಂಡಗಳ ಸಾಲುಗಳನ್ನು ತೆರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಸಲ ಅವರು ಏಳು ಯಾರ್ಡ್ ಅಥವಾ ಅದಕ್ಕಿಂತ ದೂರದಲ್ಲಿ ನಿಂತಿರುತ್ತಾರೆ. ರೋಗ ಫಸ್ಟ್ ಡೌನ್‌ನಲ್ಲಿದೆ, ಜ್ವರ ಥರ್ಡ್ ಡೌನ್‌ನಲ್ಲಿ ಕಾಣಿಸುತ್ತದೆ.

ಇಲ್ಲೊಂದು ಬಲೆ ಇದೆ. ಕಾಲೇಜ್ ಅಂಕಿಅಂಶದಲ್ಲಿ ಸ್ಯಾಕ್ (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ಹಿಂದೆ ಸಿಕ್ಕಿಬೀಳುವುದು) ಆದ ಯಾರ್ಡ್‌ಗಳನ್ನು ರಶಿಂಗ್‌ನಿಂದ, ಅಂದರೆ ಓಟದ ಗಳಿಕೆಯಿಂದ, ಕಳೆಯುತ್ತಾರೆ. ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹಾಗಿಲ್ಲ. ಪಂದ್ಯ ಮುಗಿದ ಮೇಲೆ ಕೈಗೆ ಬರುವ ಹಾಳೆಯಲ್ಲಿ 30 ಓಟ, 90 ಯಾರ್ಡ್, ಸರಾಸರಿ 3.0 ಎಂದಿರುತ್ತದೆ ಅನ್ನೋಣ. ಅದರಲ್ಲಿ ನಾಲ್ಕು ಸ್ಯಾಕ್‌ಗಳಿಂದ ಹೋದ 32 ಯಾರ್ಡ್ ಸೇರಿದ್ದರೆ ನಿಜವಾದ ಲೆಕ್ಕ 26 ಓಟಕ್ಕೆ 122 ಯಾರ್ಡ್, ಅಂದರೆ 4.7. ಓಟ ಚೆನ್ನಾಗಿಯೇ ನಡೆಯುತ್ತಿತ್ತು, ಪಾಸ್ ಪ್ರೊಟೆಕ್ಷನ್ ಕುಸಿದಿತ್ತು. ಹಾಳೆಯನ್ನು ನಂಬಿದ ಕೋಚ್ ಓಟವನ್ನು ಕೈಬಿಟ್ಟು ಇನ್ನಷ್ಟು ಪಾಸ್ ಎಸೆಯಿಸುತ್ತಾರೆ, ಇನ್ನಷ್ಟು ಸ್ಯಾಕ್ ಆಗುತ್ತವೆ. ಹಡ್ಲ್‌ನಲ್ಲಿ ಸ್ಯಾಕ್ ಮತ್ತು ಕ್ವಾರ್ಟರ್‌ಬ್ಯಾಕ್ ತಪ್ಪಿಸಿಕೊಂಡು ಓಡಿದ ಪ್ಲೇ ಎರಡನ್ನೂ 'ಪಾಸ್' ಎಂದೇ ಗುರುತು ಹಾಕಬೇಕು.

ಹಡ್ಲ್ ಅಸಿಸ್ಟ್ ಎಂಬ ಸೇವೆಗೆ ಪಂದ್ಯ ಕಳಿಸಿದರೆ ಅವರ ಕಡೆಯವರೇ ಡೌನ್, ದೂರ, ಗಳಿಕೆ ಎಲ್ಲ ತುಂಬಿ ಕೊಡುತ್ತಾರೆ. ಎದುರಾಳಿ ತಂಡದ ವಿಡಿಯೊಗೆ ಇದು ಉಪಕಾರ, ಕಿರಿಯ ಕೋಚ್‌ಗಳ ನಿದ್ದೆ ಉಳಿಯುತ್ತದೆ. ಸ್ವಂತ ತಂಡಕ್ಕೆ ಇದನ್ನೇ ನಂಬಿ ಕೂರಬಾರದು. ಕರೆದ ಪ್ಲೇ ಯಾವುದು, ಎಡ ಟ್ಯಾಕಲ್ ಯಾರನ್ನು ಹಿಡಿಯಬೇಕಿತ್ತು ಎಂಬುದು ಹೊರಗಿನವರಿಗೆ ತಿಳಿಯದು. ಆಟಗಾರರಿಗೆ ಗ್ರೇಡ್ ಹಾಕುವ ಕಂಪನಿ ಪ್ರೊ ಫುಟ್‌ಬಾಲ್ ಫೋಕಸ್ ಪ್ರತಿ ಪ್ಲೇಗೆ ಮೈನಸ್ 2ರಿಂದ ಪ್ಲಸ್ 2ರವರೆಗೆ ಅರ್ಧರ್ಧ ಅಂಕದಂತೆ ಕೊಡುವ ಗ್ರೇಡ್‌ಗಳಿಗೂ ಇದೇ ಮಿತಿ. ಎದುರಾಳಿಯ ದುರ್ಬಲ ಕಾರ್ನರ್‌ಬ್ಯಾಕ್ ಯಾರೆಂದು ಹುಡುಕಲು ಚೆನ್ನ, ನಮ್ಮ ಸೆಂಟರ್‌ನನ್ನು ಬೆಂಚಿಗೆ ಕೂರಿಸಲು ಸಾಲದು.

ಕ್ಯಾಮೆರಾ ವಿಷಯದಲ್ಲಿ ಜಿಪುಣತನ ಬೇಡ. ಸೈಡ್‌ಲೈನ್ ಎತ್ತರದಿಂದ ತೆಗೆದ ಅಗಲದ ಚಿತ್ರ ರಿಸೀವರ್‌ಗಳು (ಪಾಸ್ ಹಿಡಿಯುವವರು) ಮತ್ತು ಸೇಫ್ಟಿಗಳನ್ನು (ಡಿಫೆನ್ಸ್‌ನ ಕೊನೆಯ ಸಾಲಿನವರು) ತೋರಿಸುತ್ತದೆ. ಲೈನ್‌ಮನ್‌ನ ಮೊದಲ ಹೆಜ್ಜೆ, ಕೈ ಇಟ್ಟ ಜಾಗ, ಇಬ್ಬರ ನಡುವೆ ಬಿದ್ದ ಕಿಂಡಿ ಕಾಣುವುದು ಎಂಡ್‌ಜೋನ್‌ನ ಹಿಂದೆ ಕಂಬದ ಮೇಲಿಟ್ಟ ಕ್ಯಾಮೆರಾದಲ್ಲಿ ಮಾತ್ರ. ಅದಿಲ್ಲದೆ 'ಯಾರು', 'ಹೇಗೆ' ಎಂಬ ಎರಡು ಕಾಲಂಗಳು ಊಹೆಯಾಗುತ್ತವೆ. ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಗೆ ಮೂರು ಮಾತು ಹೇಳಬೇಕು: ಆಫೆನ್ಸ್ ಸಾಲುಗಟ್ಟುವ ಮೊದಲೇ ರೆಕಾರ್ಡ್ ಒತ್ತು, ಮೋಶನ್ (ಸ್ನ್ಯಾಪ್‌ಗೆ ಮೊದಲು ಆಟಗಾರ ಜಾಗ ಬದಲಿಸುವುದು) ತಪ್ಪಬಾರದು. ಚೆಂಡಿನ ಹಿಂದೆ ಜೂಮ್ ಮಾಡಬೇಡ, ಹನ್ನೊಂದು ಜನ ಚೌಕಟ್ಟಿನಲ್ಲಿರಲಿ. ಎರಡು ಪ್ಲೇಗಳ ನಡುವೆ ಸ್ಕೋರ್‌ಬೋರ್ಡ್ ಒಮ್ಮೆ ತೋರಿಸು, ಡೌನ್ ತುಂಬುವಾಗ ಗೊಂದಲವಾಗದು.

ಲೆಕ್ಕ ಹೇಳಿದ ಮೇಲೆ

ನಾಲ್ಕು ಅಕ್ಷರಗಳಲ್ಲಿ ಯಾವುದು ಹೆಚ್ಚು ಬಂತೋ ಅದರ ಮೇಲೆ ಔಷಧ. 'ಪ' ಹೆಚ್ಚಿದ್ದರೆ, ಅದರಲ್ಲೂ ಐದು ಯಾರ್ಡ್‌ನ ಫಾಲ್ಸ್ ಸ್ಟಾರ್ಟ್‌ಗಳಾಗಿದ್ದರೆ (ಸ್ನ್ಯಾಪ್‌ಗೆ ಮೊದಲೇ ಕದಲುವುದು), ಸ್ನ್ಯಾಪ್ ಕೌಂಟ್‌ಗಳನ್ನು (ಸ್ನ್ಯಾಪ್‌ಗೆ ಕೂಗುವ ಸಂಕೇತ) ಎರಡಕ್ಕೆ ಇಳಿಸಿ. 'ಬ' ಹೆಚ್ಚಿದ್ದರೆ ಸೀಸನ್ ನಡುವೆ ಆಟಗಾರ ಬಲಶಾಲಿಯಾಗುವುದಿಲ್ಲ. ಹಾಗಾಗಿ ಅವನು ಒಂಟಿಯಾಗಿ ಹೋರಾಡುವ ಸಂದರ್ಭಗಳನ್ನು ಕಡಿಮೆ ಮಾಡಬೇಕು: ಡಬಲ್ ಟೀಮ್ (ಒಬ್ಬ ಎದುರಾಳಿಗೆ ಇಬ್ಬರು) ಸಿಗುವ ಡುಯೊ, ಪವರ್‌ನಂಥ ಓಟಗಳು, ಅವನ ಕಡೆಗೆ ಟೈಟ್ ಎಂಡ್, ಕ್ವಾರ್ಟರ್‌ಬ್ಯಾಕ್ ಜಾಗ ಬದಲಿಸುವ ರೋಲ್‌ಔಟ್, ಚೆಂಡು ಬೇಗ ಕೈಬಿಡುವ ಸ್ಟಿಕ್‌ನಂಥ ಪಾಸ್, ಆಗಾಗ ಒಂದು ಸ್ಕ್ರೀನ್. 'ಕ' ಹೆಚ್ಚಿದ್ದರೆ ಕೋಆರ್ಡಿನೇಟರ್ ಕನ್ನಡಿ ನೋಡಿಕೊಳ್ಳಬೇಕು. ಯಾವ ಫಾರ್ಮೇಶನ್‌ನಲ್ಲಿ ಶೇ 80ಕ್ಕಿಂತ ಹೆಚ್ಚು ಸಲ ಓಟವೇ ಬರುತ್ತಿದೆ ಎಂದು ಅದೇ ದತ್ತಾಂಶದಲ್ಲಿ ತೆಗೆದು ನೋಡಲಿ. ಎದುರಾಳಿ ಕೋಚ್ ಸೋಮವಾರವೇ ಅದನ್ನು ನೋಡಿರುತ್ತಾರೆ.

ಆದರೆ ಸೋಲುವ ತಂಡಗಳಲ್ಲಿ ಸಾಮಾನ್ಯವಾಗಿ ಮೇಲೇಳುವುದು 'ಮ'. ಇದರ ಮೂಲ ಗಣಿತದಲ್ಲಿದೆ. ಸೀಸನ್ ಸಮಯದಲ್ಲಿ ಕಾಲೇಜ್ ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎಯ ನಿಯಮ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಾತ್ರ ಕೊಡುತ್ತದೆ. ವಾರಕ್ಕೊಂದು ದಿನ ರಜೆ ಕಡ್ಡಾಯ. ಮೀಟಿಂಗ್, ಜಿಮ್, ವಿಡಿಯೊ ಎಲ್ಲ ಅದರೊಳಗೇ ಬರಬೇಕು. ಮಂಗಳವಾರ 30, ಬುಧವಾರ 30, ಗುರುವಾರ 20 ಎಂದು ಪೂರ್ಣ ತಂಡದ ಅಭ್ಯಾಸ ಲೆಕ್ಕ ಹಾಕಿದರೆ ವಾರಕ್ಕೆ 80 ಸಲ ಸ್ನ್ಯಾಪ್. ಕಾಲ್ ಶೀಟ್‌ನಲ್ಲಿ 120 ಪ್ಲೇ ಇದ್ದರೆ 40 ಪ್ಲೇಗಳು ಒಮ್ಮೆಯೂ ಓಡದೆ ಶನಿವಾರಕ್ಕೆ ಹೋಗುತ್ತವೆ, ಉಳಿದವು ಒಂದೊಂದು ಸಲ. 30ಕ್ಕೆ ಇಳಿಸಿದರೆ ಪ್ರತಿಯೊಂದಕ್ಕೂ ಎರಡು ಮೂರು ಸಲ ಸಿಗುತ್ತದೆ, ಡಿಫೆನ್ಸ್ ಬ್ಲಿಟ್ಜ್ ಮಾಡಿದಾಗ (ಹೆಚ್ಚು ಜನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದಾಗ) ಏನು ಎಂಬುದನ್ನೂ ಒಮ್ಮೆ ನೋಡಬಹುದು.

ಏನು ಉಳಿಸಬೇಕು? ಓಟದಲ್ಲಿ ಒಂದೇ ಕುಟುಂಬ ಚೆನ್ನಾಗಿ ಬರಲಿ. ಇನ್‌ಸೈಡ್ ಜೋನ್ ಎಂಬ ಓಟ ಆಯ್ದರೆ ಅದರ ಜೊತೆಗೆ ಸ್ಪ್ಲಿಟ್ ಜೋನ್, ಅದರ ಮೇಲೊಂದು ಬಬಲ್ ಆರ್‌ಪಿಒ (ಡಿಫೆನ್ಸ್ ನೋಡಿ ಓಟವೋ ಪಾಸೋ ಎಂದು ಕ್ವಾರ್ಟರ್‌ಬ್ಯಾಕ್ ಆರಿಸುವ ಪ್ಲೇ), ಅದೇ ಚಿತ್ರದಿಂದ ಹೊರಡುವ ಪ್ಲೇ ಆಕ್ಷನ್ (ಓಟದ ನಟನೆ ಮಾಡಿ ಎಸೆಯುವ ಪಾಸ್). ಡಿಫೆನ್ಸ್ ಒಳಗೆ ತುಂಬಿಕೊಂಡಾಗ ಕೌಂಟರ್ ಎಂಬ ಒಂದೇ ಉತ್ತರ. ಪಾಸ್‌ನಲ್ಲಿ ಸ್ಟಿಕ್, ಮೆಶ್, ವೈ ಕ್ರಾಸ್, ಫೋರ್ ವರ್ಟಿಕಲ್ಸ್ ಇದ್ದರೆ ಆಟಗಾರನನ್ನು ಕಾಯುವ ಮ್ಯಾನ್ ಡಿಫೆನ್ಸ್‌ಗೂ ಜಾಗ ಕಾಯುವ ಜೋನ್ ಡಿಫೆನ್ಸ್‌ಗೂ ಉತ್ತರ ಇದೆ. ವೈವಿಧ್ಯ ಬೇಕೆಂದರೆ ಫಾರ್ಮೇಶನ್ ಮತ್ತು ಮೋಶನ್ ಬದಲಿಸಿ. ಲೈನ್‌ಮನ್‌ಗಳಿಗೆ ಅದರಿಂದ ಹೊಸ ಪಾಠ ಬಹುಮಟ್ಟಿಗೆ ಇರುವುದಿಲ್ಲ, ಡಿಫೆನ್ಸ್‌ಗೆ ಮಾತ್ರ ಇರುತ್ತದೆ.

ಎನ್‌ಎಫ್‌ಎಲ್ ಪ್ಲೇಬುಕ್ ತಂದು ಹಾಗೇ ಇಳಿಸುವವರು ಮೈದಾನ ಅಳೆದು ನೋಡಲಿ. ಎರಡೂ ಕಡೆ ಅಗಲ 160 ಅಡಿಯೇ. ಆದರೆ ಎನ್‌ಎಫ್‌ಎಲ್‌ನಲ್ಲಿ ಹ್ಯಾಶ್‌ಗಳ ನಡುವೆ 18 ಅಡಿ 6 ಇಂಚು, ಕಾಲೇಜಿನಲ್ಲಿ 40 ಅಡಿ. ಚೆಂಡು ಎಡ ಹ್ಯಾಶ್‌ನಲ್ಲಿದ್ದರೆ ಬಲ ಸೈಡ್‌ಲೈನ್ 100 ಅಡಿ ದೂರ. ಅಲ್ಲಿಗೆ ಹತ್ತು ಯಾರ್ಡ್ ಔಟ್ ರೂಟ್ ಎಸೆಯುವ ತೋಳು ಎಲ್ಲ ಕಾಲೇಜ್ ಕ್ವಾರ್ಟರ್‌ಬ್ಯಾಕ್‌ಗಳಿಗೂ ಇರುವುದಿಲ್ಲ. ಚೆಂಡು ಗಾಳಿಯಲ್ಲಿರುವಷ್ಟು ಹೊತ್ತಿನಲ್ಲಿ ಕಾರ್ನರ್‌ಬ್ಯಾಕ್ ಮುಂದೆ ಹಾರಿ ಕಸಿದುಕೊಂಡು ಎಂಡ್‌ಜೋನ್ ತಲುಪುತ್ತಾನೆ. ಪ್ರತಿಯಾಗಿ ಕಾಲೇಜ್ ನಿಯಮ ಕೊಡುವ ಉಡುಗೊರೆಯೂ ಇದೆ. ಪಾಸ್ ಸಮಯದಲ್ಲಿ ಲೈನ್‌ಮನ್ ಮೂರು ಯಾರ್ಡ್ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ. ಆರ್‌ಪಿಒ ಇಲ್ಲಿ ಸಲೀಸಾಗಿರುವುದು ಅದಕ್ಕೇ.

ಮಣಿಕಟ್ಟಿನ ಪಟ್ಟಿ ಮತ್ತು ಹೆಲ್ಮೆಟ್ ರೇಡಿಯೊ

ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಯ ಪಟ್ಟಿ, ಒಳಗೆ ಪ್ರಿಂಟ್ ಮಾಡಿದ ಕಾರ್ಡ್. ಕೋಚ್ '42' ಎನ್ನುತ್ತಾರೆ, ಆಟಗಾರ 42ನೇ ಸಾಲು ಓದುತ್ತಾನೆ. ಫಾರ್ಮೇಶನ್, ಮೋಶನ್, ಪ್ರೊಟೆಕ್ಷನ್, ರೂಟ್ ಎಂದು ಹತ್ತು ಪದ ಬಾಯಿಂದ ಬಾಯಿಗೆ ಹೋಗುವಾಗ ಆಗುವ ತಪ್ಪು ಇಲ್ಲಿ ಆಗುವುದಿಲ್ಲ. ಮೂರು ಕಿಟಕಿಯ ಪಟ್ಟಿ ಒಳ್ಳೆಯದು. ಕಾರ್ಡ್‌ನಲ್ಲಿ 60 ಸಾಲಿಗಿಂತ ಹೆಚ್ಚು ತುರುಕಿದರೆ ಅಕ್ಷರ ಇರುವೆಯಂತಾಗುತ್ತದೆ, ರಾತ್ರಿ ದೀಪದಲ್ಲಿ ಬೆವರಿದ ಕಣ್ಣಿಗೆ ಕಾಣದು. 30 ಪ್ಲೇ, ಎಡ ಬಲ ಸೇರಿ 60. ಕಾರ್ಡ್ ಹಿಡಿಯದಷ್ಟು ಪ್ಲೇ ಇದ್ದರೆ ತಪ್ಪು ಕಾರ್ಡ್‌ನದಲ್ಲ.

ಕೆಡುವುದು ಹೀಗೆ. ಕಳೆದ ವಾರದ ಕಾರ್ಡ್ ಒಬ್ಬ ರಿಸೀವರ್‌ನ ಕೈಯಲ್ಲೇ ಉಳಿದಿರುತ್ತದೆ, 42 ಅಂದಾಗ ಹತ್ತು ಜನ ಒಂದು ಪ್ಲೇ ಓಡುತ್ತಾರೆ, ಅವನೊಬ್ಬ ಇನ್ನೊಂದು. ವಾರಕ್ಕೊಂದು ಬಣ್ಣದ ಕಾಗದ ಬಳಸಿದರೆ ವಾರ್ಮ್‌ಅಪ್ ಹೊತ್ತಿಗೇ ಕಣ್ಣಿಗೆ ಬೀಳುತ್ತದೆ. ಮಳೆಯಲ್ಲಿ ಇಂಕ್‌ಜೆಟ್ ಪ್ರಿಂಟ್ ಹರಡಿಹೋಗುತ್ತದೆ, ಲೇಸರ್ ಪ್ರಿಂಟ್ ಮಾಡಿ ಲ್ಯಾಮಿನೇಟ್ ಹಾಕಿ, ಅಂಚು ಪೂರ್ತಿ ಮುಚ್ಚಿರಲಿ. ಅರ್ಧ ವಿರಾಮದಲ್ಲಿ ಬದಲಿಸಲು ಸಂಖ್ಯೆ ಕದಡಿದ ಎರಡನೇ ಕಾರ್ಡ್ ಸಿದ್ಧವಿರಲಿ. ಒಂದೇ ಪ್ಲೇಗೆ ಒಂದೇ ಕಾರ್ಡ್‌ನಲ್ಲಿ ಎರಡು ಸಂಖ್ಯೆ ಕೊಟ್ಟರೆ ಸೈಡ್‌ಲೈನ್‌ನಿಂದ ಕಿವಿಗೊಟ್ಟು ಕೂತ ಎದುರಾಳಿಗೆ ಜೋಡಿಸುವುದು ಕಷ್ಟ.

ಕಾಲೇಜ್ ಫುಟ್‌ಬಾಲ್‌ನ ಅತಿ ಮೇಲಿನ ಎಫ್‌ಬಿಎಸ್ ಮಟ್ಟದಲ್ಲಿ 2024ರಿಂದ ಹೆಲ್ಮೆಟ್ ರೇಡಿಯೊಗೆ ಅನುಮತಿ ಇದೆ. ಮೈದಾನದಲ್ಲಿ ಒಬ್ಬ ಆಟಗಾರನ ಕಿವಿಗೆ ಮಾತ್ರ. ಅವನ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಇರುತ್ತದೆ. ಪ್ಲೇ ಕ್ಲಾಕ್ 15 ಸೆಕೆಂಡ್‌ಗೆ ಬಂದಾಗ ಅಥವಾ ಸ್ನ್ಯಾಪ್ ಆದಾಗ, ಯಾವುದು ಮೊದಲೋ ಆಗ ಕೊಂಡಿ ಕಡಿದುಹೋಗುತ್ತದೆ. ರೇಡಿಯೊ ಬಂತೆಂದು ಪಟ್ಟಿ ಬಿಸಾಡಿದ ತಂಡಗಳು ಒಂದು ವಿಷಯ ಮರೆಯುತ್ತವೆ. ಕ್ವಾರ್ಟರ್‌ಬ್ಯಾಕ್ ಕೇಳಿಸಿಕೊಂಡದ್ದನ್ನು ಇನ್ನೂ ಹತ್ತು ಜನಕ್ಕೆ ದಾಟಿಸಬೇಕು. ಹಡಲ್ (ಪ್ಲೇಗೆ ಮೊದಲು ಗುಂಪುಗೂಡುವುದು) ಇಲ್ಲದೆ ಆಡುವ ತಂಡದಲ್ಲಿ ಹೊರಗಿನ ರಿಸೀವರ್ ಇಪ್ಪತ್ತು ಯಾರ್ಡ್ ದೂರ ನಿಂತಿರುತ್ತಾನೆ. ರೇಡಿಯೊದಲ್ಲಿ ಸಂಖ್ಯೆ, ಎಲ್ಲರ ಕೈಯಲ್ಲಿ ಕಾರ್ಡ್, ಹೀಗೆ ಎರಡೂ ಇದ್ದರೆ ಚೆನ್ನಾಗಿ ನಡೆಯುತ್ತದೆ.

ಗಡಿಯಾರದ ಲೆಕ್ಕವನ್ನೂ ಕಾಗದದ ಮೇಲೆ ಬರೆದಿಡಬೇಕು. 40 ಸೆಕೆಂಡ್ ಓಡತೊಡಗಿದ ಮೇಲೆ ಸಂಖ್ಯೆ 25 ಇರುವಾಗಲೇ ಹೋಗಬೇಕು, 12 ಆಗುವಷ್ಟರಲ್ಲಿ ಲೈನ್ ಕೆಳಗೆ ಕೂತಿರಬೇಕು. ಆಗ ಮಾತ್ರ ಸೆಂಟರ್‌ಗೆ ಮೈಕ್ (ಡಿಫೆನ್ಸ್‌ನ ನಡುವಿನ) ಲೈನ್‌ಬ್ಯಾಕರ್ ಯಾರೆಂದು ಬೊಟ್ಟು ಮಾಡಲು, ಕ್ವಾರ್ಟರ್‌ಬ್ಯಾಕ್‌ಗೆ ಸೇಫ್ಟಿಗಳನ್ನು ನೋಡಲು ಸಮಯ ಸಿಗುತ್ತದೆ. 'ಮ' ಎಂದು ಗುರುತಾದ ಪ್ಲೇಗಳ ಕ್ಲಿಪ್‌ಗಳಲ್ಲಿ ಪ್ಲೇ ಕ್ಲಾಕ್ ಎಷ್ಟಿತ್ತು ಎಂದು ನೋಡಿ. ಮೂರು ನಾಲ್ಕು ಸೆಕೆಂಡ್ ಇರುವಾಗ ಸ್ನ್ಯಾಪ್ ಆದವು ಗುಂಪಾಗಿ ಸಿಕ್ಕರೆ ದಡ್ಡ ಆಟಗಾರನಲ್ಲ, ನಿಧಾನ ಕೋಆರ್ಡಿನೇಟರ್.

ಸ್ಲೆಡ್

ಕನೆಕ್ಟಿಕಟ್‌ನ ಗಿಲ್ಮನ್, ಮಿಶಿಗನ್‌ನ ರೋಜರ್ಸ್ ಇವೆರಡೂ ಈ ವ್ಯಾಪಾರದ ಹಳೆ ಹೆಸರುಗಳು. ಐದು ಅಥವಾ ಏಳು ಜನರ ಉದ್ದ ಸ್ಲೆಡ್ ಫೋಟೊಗೆ ಚಂದ. ಸಾಲಾಗಿ ಎಲ್ಲರೂ ಒಟ್ಟಿಗೆ ಹೊರಡುವುದನ್ನು ಕಲಿಸುತ್ತದೆ, ಆದರೆ ದುರ್ಬಲನನ್ನು ಬಲಶಾಲಿ ಮುಚ್ಚಿಹಾಕುತ್ತಾನೆ. ಕೆಟ್ಟ ಲೈನ್‌ಗೆ ಬೇಕಾಗುವುದು ಇಬ್ಬರ ಸ್ಲೆಡ್.

ಕ್ರಮ ಹೀಗಿರಲಿ. ಮೊದಲ ಹೆಜ್ಜೆ ಆರು ಇಂಚು ಮೀರಬಾರದು. ಎರಡನೇ ಪಾದ ನೆಲಕ್ಕೆ ತಾಗುವ ಹೊತ್ತಿಗೆ ಕೈ ಪ್ಯಾಡ್‌ಗೆ ತಾಗಬೇಕು. ಉದ್ದ ಹೆಜ್ಜೆ ಇಟ್ಟವನು ಡಿಕ್ಕಿಯ ಕ್ಷಣದಲ್ಲಿ ಒಂಟಿಕಾಲಲ್ಲಿರುತ್ತಾನೆ, ಅವನನ್ನು ಹಿಂದೆ ತಳ್ಳಲು ಬಲವೇ ಬೇಡ. ಮೊಣಕೈ ಒಳಗೆ, ಹೆಬ್ಬೆರಳು ಮೇಲೆ, ಕೈ ಕೆಳಗಿನಿಂದ ಮೇಲಕ್ಕೆ. ನಂತರ ಐದು ಯಾರ್ಡ್ ಮಾತ್ರ ತಳ್ಳಿ ನಿಲ್ಲಿಸಿ. ಕೋಚ್ ಸ್ಲೆಡ್ ಮೇಲೆ ಹತ್ತಿ ನಿಂತು ಇಪ್ಪತ್ತು ಯಾರ್ಡ್ ತಳ್ಳಿಸಿದರೆ ಹುಡುಗರು ಸುಸ್ತಾಗಿ ತಲೆ ತಗ್ಗಿಸಿ, ಸೊಂಟ ಎತ್ತಿ ತಳ್ಳುವುದನ್ನು ರೂಢಿಸಿಕೊಳ್ಳುತ್ತಾರೆ. ಶನಿವಾರ ಅದನ್ನೇ ಮಾಡುತ್ತಾರೆ.

ಡಬಲ್ ಟೀಮ್‌ಗೆ ಇದನ್ನು ಹೀಗೆ ಬಳಸಬೇಕು: ಇಬ್ಬರೂ ಸೊಂಟಕ್ಕೆ ಸೊಂಟ ತಾಗಿಸಿ ತಳ್ಳುತ್ತಿರಲಿ, ಕೋಚ್ ಸ್ಲೆಡ್‌ನ ಹಿಂದೆ ಲೈನ್‌ಬ್ಯಾಕರ್ ಜಾಗದಲ್ಲಿ ನಿಂತು ಎಡಕ್ಕೋ ಬಲಕ್ಕೋ ಹೆಜ್ಜೆ ಇಡಲಿ, ಆ ಕಡೆಯವನು ಬಿಟ್ಟು ಅವರ ಮೇಲೆ ಹೋಗಲಿ. ಕಣ್ಣು ಲೈನ್‌ಬ್ಯಾಕರ್ ಮೇಲೆ, ಕೈ ಲೈನ್‌ಮನ್ ಮೇಲೆ. ಬೇಗ ಬಿಟ್ಟುಹೋದರೆ ಡಿಫೆನ್ಸಿವ್ ಟ್ಯಾಕಲ್ ಬ್ಯಾಕ್‌ಫೀಲ್ಡ್‌ನಲ್ಲಿರುತ್ತಾನೆ. ಇನ್‌ಸೈಡ್ ಜೋನ್ ಕೆಡುವ ಅತಿ ಸಾಮಾನ್ಯ ಕಾರಣ ಇದೇ.

ಸ್ಲೆಡ್ ಕಲಿಸದ್ದು ಪಾಸ್ ಪ್ರೊಟೆಕ್ಷನ್. ಅದು ಪಕ್ಕಕ್ಕೆ ಸರಿಯುವುದಿಲ್ಲ, ಸ್ಟಂಟ್ (ನುಗ್ಗುವವರು ದಾರಿ ಅದಲುಬದಲು ಮಾಡುವ ಟ್ವಿಸ್ಟ್) ಮಾಡುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು, ಒಂದು ಕಡೆಯ ಮೂವರು ಲೈನ್‌ಮನ್, ಎದುರಿಗೆ ಮೂವರು, ಟ್ವಿಸ್ಟ್ ಹಾಕುತ್ತ. ಕೃತಕ ಹುಲ್ಲಿನ ಮೈದಾನವಿದ್ದರೆ ಅದಕ್ಕೆಂದೇ ಮಾಡಿದ ತಳಪಟ್ಟಿ ಕೇಳಿ ತೆಗೆದುಕೊಳ್ಳಿ, ಬರಿ ಲೋಹದ್ದು ಹುಲ್ಲನ್ನು ಹರಿಯುತ್ತದೆ. ಜೊತೆಗೆ ಒಂದಡಿ ಅಗಲದ ಉದ್ದ ಹಲಗೆಗಳನ್ನು ಕ್ಯಾಂಪಸ್ ಬಡಗಿಯಿಂದಲೇ ಕೊಯ್ಯಿಸಿ. ಹಲಗೆಯ ಎರಡೂ ಬದಿ ಕಾಲಿಟ್ಟು ತಳ್ಳಿದರೆ ಪಾದಗಳು ಹತ್ತಿರ ಬರುವ ದುರಭ್ಯಾಸ ಹೋಗುತ್ತದೆ.

ಚೆಂಡು ಎಸೆಯುವ ಯಂತ್ರ

ಒರೆಗಾನ್‌ನ ಜಗ್ಸ್ ಕಂಪನಿಯದು ಎಷ್ಟು ಪ್ರಸಿದ್ಧವೆಂದರೆ ಬೇರೆ ಕಂಪನಿಯದನ್ನೂ ಜನ ಜಗ್ಸ್ ಎಂದೇ ಕರೆಯುತ್ತಾರೆ. ಎರಡು ತಿರುಗುವ ಚಕ್ರಗಳ ನಡುವೆ ಚೆಂಡು ತೂರಿಸಿದರೆ ಸ್ಪೈರಲ್ ಹೊಡೆದುಕೊಂಡು ಹೋಗುತ್ತದೆ. ಯಂತ್ರ ಗಟ್ಟಿ, ಕೆಲಸ ಪ್ರಾಮಾಣಿಕ. ಕೊಳ್ಳುವ ಮೊದಲು ಮತ್ತೆ ಆ ಕಾಲಂಗಳನ್ನು ತೆರೆಯಿರಿ: ಕೈತಪ್ಪಿದ ಕ್ಯಾಚ್‌ಗಳು ಪಂದ್ಯಕ್ಕೆ ಒಂದೋ ಎರಡೋ ಇದ್ದರೆ ಇದರಿಂದ ಆಫೆನ್ಸ್ ಬದಲಾಗದು.

ಬಳಸುವವರು ಎದೆಯ ಎತ್ತರಕ್ಕೆ ಇಟ್ಟು, ನಿಂತಲ್ಲೇ ನೂರು ಚೆಂಡು ಹಿಡಿಸುತ್ತಾರೆ. ಪಂದ್ಯದಲ್ಲಿ ಅಂಥ ಚೆಂಡು ಯಾರೂ ಬಿಡುವುದಿಲ್ಲ. ಹತ್ತರಿಂದ ಹದಿನೈದು ಯಾರ್ಡ್ ದೂರದಿಂದ ಮೊಣಕಾಲ ಕೆಳಗೆ ಆರು, ಬೆನ್ನ ಹಿಂದೆ ಬಿದ್ದದ್ದು ಆರು, ಎಡ ಭುಜದ ಮೇಲಿಂದ ಆರು, ಬಲ ಭುಜದ ಮೇಲಿಂದ ಆರು, ಹಿಡಿದ ಮೇಲೆ ಕಂಕುಳಿಗೆ ಸಿಕ್ಕಿಸುವವರೆಗೆ ಕಣ್ಣು ಚೆಂಡಿನ ಮೇಲೆ. ಸವೆದ ಚೆಂಡು ಮತ್ತು ಹೊಸ ಚೆಂಡು ಬೆರೆಸಿದರೆ ಒಂದು ಮೇಲೆ, ಒಂದು ಕೆಳಗೆ ಹೋಗುತ್ತದೆ, ಯಂತ್ರ ಕೆಟ್ಟಿದೆ ಎಂದು ದೂರುತ್ತಾರೆ. ಗಾಳಿ 12.5ರಿಂದ 13.5 ಪಿಎಸ್‌ಐ ನಡುವೆ ಎಲ್ಲದರಲ್ಲೂ ಒಂದೇ ಇರಲಿ. ಚಕ್ರ ಪೂರ್ತಿ ನಿಲ್ಲುವವರೆಗೆ ಸಿಕ್ಕಿಕೊಂಡ ಚೆಂಡಿಗೆ ಕೈ ಹಾಕಬಾರದು. ಇನ್ನು ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್ ನಡುವಿನ ಟೈಮಿಂಗ್ ಯಂತ್ರದಿಂದ ಬರುವುದಿಲ್ಲ. ಎಸೆಯುವವನ ಭುಜ ನೋಡಿ ತಿರುಗುವುದನ್ನು ಕಲಿಯಬೇಕಾದರೆ ಎದುರಿಗೆ ಭುಜ ಇರಬೇಕು.

ಸಿದ್ಧ ಸಿಸ್ಟಮ್‌ಗಳು

ವಿಡಿಯೊ ಕ್ಲಿನಿಕ್, ಪ್ಲೇಬುಕ್, ದಿನಕ್ಕೊಂದು ಪಾಠದಂತೆ ಇಳಿಸುವ ವೇಳಾಪಟ್ಟಿ, ಎಲ್ಲ ಒಟ್ಟಿಗೆ ಮಾರುತ್ತಾರೆ. ಹೆಚ್ಚು ಬಿಕರಿಯಾಗುವುದು ಪಾಸ್ ಪ್ರಧಾನವಾದ ಏರ್ ರೇಡ್. ಕೋಚ್‌ಗಳಾದ ಹ್ಯಾಲ್ ಮಮ್ಮಿ ಮತ್ತು ಮೈಕ್ ಲೀಚ್ ಅಯೋವ ವೆಸ್ಲಿಯನ್, ವಾಲ್ಡೋಸ್ಟಾ ಸ್ಟೇಟ್, ಕೆಂಟಕಿ ಎಂದು ಕಟ್ಟಿಕೊಂಡು ಹೋದದ್ದು, ಲೀಚ್ 2000ದಿಂದ ಟೆಕ್ಸಸ್ ಟೆಕ್‌ನಲ್ಲಿ ಬೆಳೆಸಿದ್ದು. ಅದರ ಗುಟ್ಟು ಪಾಸ್‌ಗಳಲ್ಲಿಲ್ಲ, ಕೆಲವೇ ಪ್ಲೇಗಳನ್ನು ಬೇಸರ ಬರುವಷ್ಟು ಓಡಿಸುವುದರಲ್ಲಿದೆ. ಕೊಂಡವರು ಮೊದಲ ಎರಡು ಸೋಲಿನ ನಂತರ ಅದಕ್ಕೆ ತಮ್ಮ ಹಳೆ ಪ್ಲೇಗಳನ್ನು ಸೇರಿಸುತ್ತಾರೆ. ಅಲ್ಲಿಗೆ ಕೊಟ್ಟ ಹಣ ಹೋಯಿತು. ಲೈನ್‌ಮನ್‌ಗಳ ನಡುವಿನ ಅಗಲ ಅಂತರ ಇನ್ನೊಂದು ಅಂಶ. ಅಷ್ಟು ಅಂತರದಲ್ಲಿ ಒಬ್ಬೊಬ್ಬರೇ ನಿಭಾಯಿಸಬೇಕು. ನಿಮ್ಮ ಕಾಲಂನಲ್ಲಿ 'ಬ' ಹೆಚ್ಚಿದ್ದರೆ ಇದು ಬೇಡ.

ಸಣ್ಣ ಲೈನ್‌ಮನ್‌ಗಳ ತಂಡಕ್ಕೆ ಫ್ಲೆಕ್ಸ್‌ಬೋನ್ ಟ್ರಿಪಲ್ ಆಪ್ಷನ್ (ಡಿಫೆಂಡರ್ ನಡೆ ನೋಡಿ ಚೆಂಡು ಯಾರು ಒಯ್ಯಬೇಕೆಂದು ಮೂರು ದಾರಿಗಳಲ್ಲಿ ಆರಿಸುವ ಓಟ) ಇನ್ನೂ ಒಳ್ಳೆಯ ಸರಕು, ಏಕೆಂದರೆ ಇಬ್ಬರು ಡಿಫೆಂಡರ್‌ಗಳನ್ನು ಬ್ಲಾಕ್ ಮಾಡದೆ ಬಿಟ್ಟು ಓದುತ್ತಾರೆ. ಕೋಚ್ ಪಾಲ್ ಜಾನ್ಸನ್ ನೇವಿಯಲ್ಲಿ, ಜಾರ್ಜಿಯಾ ಟೆಕ್‌ನಲ್ಲಿ ಇದನ್ನೇ ಆಡಿಸಿದರು. ಹಳೆ ಕ್ಲಿನಿಕ್ ವಿಡಿಯೊ ಕೊಳ್ಳುವವರು ಒಂದು ಎಚ್ಚರ ವಹಿಸಬೇಕು: 2022ರ ನಿಯಮದ ನಂತರ ಸೊಂಟದ ಕೆಳಗೆ ಬ್ಲಾಕ್ ಮಾಡುವುದು ಟ್ಯಾಕಲ್ ಬಾಕ್ಸ್‌ನ (ಲೈನ್ ಸುತ್ತಲಿನ ನಿಗದಿತ ಜಾಗ) ಒಳಗೆ, ಲೈನ್‌ಮನ್‌ಗಳು ಮತ್ತು ನಿಂತಲ್ಲೇ ಇರುವ ಬ್ಯಾಕ್‌ಗಳಿಗೆ ಮಾತ್ರ. ಅಂಚಿನಲ್ಲಿ ಕಾರ್ನರ್‌ಬ್ಯಾಕ್‌ನ ಕಾಲಿಗೆ ಬೀಳುವ ಹಳೆ ಚಿತ್ರಗಳು ಈಗ ಪೆನಾಲ್ಟಿ. ಆರ್ಮಿ ತಂಡ 2023ರಲ್ಲಿ ಶಾಟ್‌ಗನ್ (ಕ್ವಾರ್ಟರ್‌ಬ್ಯಾಕ್ ಕೆಲ ಯಾರ್ಡ್ ಹಿಂದೆ ನಿಲ್ಲುವುದು) ಕಡೆ ಹೊರಳಿ, 2024ರಲ್ಲಿ ಮತ್ತೆ ಅಂಡರ್ ಸೆಂಟರ್ (ಸೆಂಟರ್‌ನ ಬೆನ್ನಿಗೇ ನಿಲ್ಲುವುದು) ಆಪ್ಷನ್‌ಗೆ ಮರಳಿ 12 ಪಂದ್ಯ ಗೆದ್ದು ಅಮೆರಿಕನ್ ಕಾನ್ಫರೆನ್ಸ್ ಪ್ರಶಸ್ತಿ ಪಡೆಯಿತು. ಆದರೆ ಅಲ್ಲಿನ ಆಟಗಾರರನ್ನು ಅದಕ್ಕೆಂದೇ ವರ್ಷಗಳಿಂದ ಆರಿಸಿ ಕಟ್ಟಿದ್ದು. ಅಕ್ಟೋಬರ್‌ನಲ್ಲಿ ಪೆಟ್ಟಿಗೆ ಒಡೆದು ನವೆಂಬರ್‌ನಲ್ಲಿ ಗೆಲ್ಲುವ ಸಿಸ್ಟಮ್ ಯಾವುದೂ ಇಲ್ಲ.

ವಿಆರ್, ಟ್ಯಾಬ್ಲೆಟ್

ಸ್ಟಾನ್‌ಫರ್ಡ್ ತಂಡದ ಜೊತೆ ಹುಟ್ಟಿದ ಸ್ಟ್ರೈವರ್‌ನಂಥ ವಿಆರ್ ಸಾಧನಗಳು ಕ್ವಾರ್ಟರ್‌ಬ್ಯಾಕ್‌ಗೆ ಮೈದಾನಕ್ಕೆ ಇಳಿಯದೆ ಬ್ಲಿಟ್ಜ್ ನೋಡುವ ಅವಕಾಶ ಕೊಡುತ್ತವೆ. ಹಣವಿದ್ದವರು ಕೊಳ್ಳಲಿ. ಇಲ್ಲದವರು ಎಂಡ್‌ಜೋನ್ ವಿಡಿಯೊವನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿ, ಸ್ನ್ಯಾಪ್‌ಗೆ ಮೊದಲು ನಿಲ್ಲಿಸಿ, ಮೈಕ್ ಯಾರು, ಪ್ರೊಟೆಕ್ಷನ್ ಯಾವ ಕಡೆ, ಹಾಟ್ ರಿಸೀವರ್ (ಬ್ಲಿಟ್ಜ್ ಬಂದಾಗ ಬೇಗ ಚೆಂಡು ಪಡೆಯುವವನು) ಯಾರು ಎಂದು ಜೋರಾಗಿ ಹೇಳಿಸಲಿ. ಸೆಂಟರ್ ಪಕ್ಕದಲ್ಲೇ ಕೂತಿರಬೇಕು.

ಪಂದ್ಯದ ನಡುವೆ ವಿಡಿಯೊ ನೋಡಲು 2024ರಿಂದ ಟ್ಯಾಬ್ಲೆಟ್‌ಗಳಿಗೂ ಅನುಮತಿ ಇದೆ, ತಂಡಕ್ಕೆ 18ರವರೆಗೆ, ಬೂತ್, ಸೈಡ್‌ಲೈನ್, ಲಾಕರ್ ರೂಮ್ ಎಲ್ಲ ಸೇರಿ. ವಿಡಿಯೊ ಮಾತ್ರ, ವಿಶ್ಲೇಷಣೆಯ ದತ್ತಾಂಶ ತೋರಿಸುವಂತಿಲ್ಲ. ಎಲ್ಲರ ಕೈಗೂ ಕೊಟ್ಟರೆ ರಿಸೀವರ್‌ಗಳು ತಮ್ಮ ಕ್ಯಾಚ್ ನೋಡುತ್ತ ಕೂರುತ್ತಾರೆ. ಡಿಫೆನ್ಸ್ ಮೈದಾನದಲ್ಲಿರುವ ಮೂರ್ನಾಲ್ಕು ನಿಮಿಷದಲ್ಲಿ ಮೊದಲ ಟ್ಯಾಬ್ಲೆಟ್ ಲೈನ್ ಕೋಚ್‌ಗೆ, ಎಂಡ್‌ಜೋನ್ ಕೋನದಲ್ಲಿ, ವಿಫಲವಾದ ಫಸ್ಟ್ ಡೌನ್ ಕ್ಲಿಪ್‌ಗಳು ಮಾತ್ರ. ಐವರು ಲೈನ್‌ಮನ್‌ಗಳು ಬೆಂಚಿನಲ್ಲಿ ತಾವು ಆಡುವ ಸ್ಥಾನದ ಕ್ರಮದಲ್ಲೇ ಕೂರಲಿ. ಎರಡನೆಯದು ಕ್ವಾರ್ಟರ್‌ಬ್ಯಾಕ್‌ಗೆ, ಸೈಡ್‌ಲೈನ್ ಕೋನದಲ್ಲಿ, ಸ್ನ್ಯಾಪ್‌ಗೆ ಮೊದಲು ಸೇಫ್ಟಿಗಳು ಎಲ್ಲಿದ್ದರು, ಆಮೇಲೆ ಎಲ್ಲಿಗೆ ಸರಿದರು ಎಂಬುದಷ್ಟಕ್ಕೆ.